ಮೊದಲು ಕಾಡು, ಆಮೇಲೆ ಅಂಗಡಿ: ಕುಂಬಾರರ ಊರು ಮಾಶಿಕೊ ಸುತ್ತುವುದು ಹೀಗೆ

ಟೋಕಿಯೊದಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ತೊಚಿಗಿ ಪ್ರಾಂತ್ಯದಲ್ಲಿ ಮಾಶಿಕೊ ಎಂಬ ಊರಿದೆ. ಬರುವವರಲ್ಲಿ ಹೆಚ್ಚಿನವರು ಅಂಗಡಿ ಬೀದಿಯಲ್ಲಿ ಎರಡು ಬಟ್ಟಲು ಕೊಂಡು, ಊಟ ಮಾಡಿ, ರೈಲು ಹತ್ತುತ್ತಾರೆ. ಊರಿನ ಬೆನ್ನಿಗೇ ಇರುವ ಕಾಡು, ಗುಡ್ಡ, ಹಳೇ ದೇವಸ್ಥಾನವನ್ನೆಲ್ಲ ಸುತ್ತಿ ಹೊರಟ ಜಾಗಕ್ಕೇ ಬರಬಹುದು ಅನ್ನುವುದು ಅವರ ತಲೆಗೇ ಬರುವುದಿಲ್ಲ. ಸ್ಟೇಷನ್‌ನಿಂದ ಹೊರಟು ಸ್ಟೇಷನ್‌ಗೆ ಬರಲು ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಒಂದು ದಿನಕ್ಕೆ ಸರಿಯಾಗಿದೆ.

ನನ್ನ ಸಲಹೆ ಒಂದೇ. ಕಾಡನ್ನು ಮೊದಲು ಮುಗಿಸಿ. ಮಣ್ಣಿನ ಪಾತ್ರೆ ಹೊತ್ತು ಗುಡ್ಡ ಹತ್ತುವುದು ಯಾರಿಗೆ ಬೇಕು, ಅಲ್ವಾ? ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ: ಇಲ್ಲಿನ ಪಾತ್ರೆಗೆ ಬೇಕಾದ ಸೌದೆ, ಬೂದಿ, ಮಣ್ಣು ಬಂದಿದ್ದೆಲ್ಲ ಈ ಸುತ್ತಮುತ್ತಲಿಂದಲೇ. ಅದನ್ನು ನೋಡಿಕೊಂಡು ಅಂಗಡಿಗೆ ಹೋದರೆ ಆರಿಸುವ ಕಣ್ಣೇ ಬೇರೆ.

ತಲುಪುವುದು

ಟೋಕಿಯೊದ ಉಎನೊ ಸ್ಟೇಷನ್‌ನಿಂದ ಓಯಾಮಾ, ಅಲ್ಲಿಂದ ಮಿತೊ ಲೈನಿನಲ್ಲಿ ಶಿಮೊದಾತೆ, ಅಲ್ಲಿ ಮೋಕಾ ರೈಲು. ಇದು ಪುಟ್ಟ ಡೀಸೆಲ್ ರೈಲು, ಇದರಲ್ಲಿ ಸುಯಿಕಾ ಕಾರ್ಡ್ (ಮೊದಲೇ ದುಡ್ಡು ತುಂಬಿಟ್ಟುಕೊಳ್ಳುವ ಟಿಕೆಟ್ ಕಾರ್ಡು) ನಡೆಯುವುದಿಲ್ಲ, ಹಾಗಾಗಿ ಕಾರ್ಡಿನ ಲೆಕ್ಕವನ್ನು ಶಿಮೊದಾತೆಯಲ್ಲೇ ಮುಗಿಸಿ, ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳಿ. ರೈಲುಗಳು ಕಡಿಮೆ. ಇಳಿದ ತಕ್ಷಣ ವಾಪಸ್ ಹೋಗುವ ರೈಲಿನ ಸಮಯದ ಫೋಟೊ ತೆಗೆದುಕೊಳ್ಳಿ. ಬದಲಿಸುವ ಕಿರಿಕಿರಿ ಬೇಡವೆಂದರೆ ಟೋಕಿಯೊದ ಅಕಿಹಬಾರಾದಿಂದ ನೇರ ಬಸ್ಸೂ ಇದೆ.

ಸೋಮವಾರ ಬೇಡ, ಕೊನೆಗೆ ನೋಡಬೇಕಾದ ಸಂಕೋಕಾನ್ ಮ್ಯೂಸಿಯಂಗೆ ರಜೆ. ಮೇ ತಿಂಗಳ ಮೊದಲ ವಾರ ಮತ್ತು ನವೆಂಬರ್ ಆರಂಭದಲ್ಲಿ ಪಾತ್ರೆಗಳ ಸಂತೆ ನಡೆಯುತ್ತದೆ. 1966ರಿಂದ ಬಂದ ಪದ್ಧತಿ ಇದು. ಸಂತೆ ಚೆನ್ನಾಗಿರುತ್ತದೆ, ನಡಿಗೆಗೆ ಮಾತ್ರ ಆ ದಿನಗಳು ಬೇಡ. ನವೆಂಬರ್ ಕೊನೆಗೆ ಹೋಗಿ, ಎಲೆಗಳು ಕೆಂಪಾಗಿರುತ್ತವೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಾದರೆ ದೊಡ್ಡ ಕಣಜಗಳ ಕಾಟವಿರುತ್ತದೆ. ಕಪ್ಪು ಬಟ್ಟೆ, ಸೆಂಟು ಎರಡೂ ಬೇಡ.

ಊಟ ಕಟ್ಟಿಕೊಂಡೇ ಹೋಗಿ. ಗುಡ್ಡದ ಮೇಲೆ ಏನೂ ಸಿಗುವುದಿಲ್ಲ. ಸಸ್ಯಾಹಾರಿಗಳಾದರೆ ಚಪಾತಿ, ಚಿತ್ರಾನ್ನವೇ ವಾಸಿ, ಯಾಕೆಂದರೆ ನೋಡಲು ಬರೀ ತರಕಾರಿ ಅನ್ನಿಸುವ ಜಪಾನಿ ಅಡುಗೆಯಲ್ಲೂ ಮೀನಿನ ಸಾರು ಸೇರಿರುತ್ತದೆ. ಕಸದ ಡಬ್ಬಿಗಳೂ ಇರುವುದಿಲ್ಲ, ಒಂದು ಖಾಲಿ ಕವರ್ ಇರಲಿ.

ನಡಿಗೆ

ಸ್ಟೇಷನ್‌ನಿಂದ ಪೂರ್ವಕ್ಕೆ ಅರ್ಧ ಗಂಟೆಯೊಳಗೆ ಜೊನೈಜಾಕಾ ಬೀದಿ ಸಿಗುತ್ತದೆ. ಎರಡೂ ಕಡೆ ಪಾತ್ರೆ ಅಂಗಡಿಗಳು. ತಲೆ ತಗ್ಗಿಸಿ ಮುಂದೆ ನಡೆಯಿರಿ. ಬೀದಿ ದಾಟಿ ಏರು ಹತ್ತಿದರೆ ಮಾಶಿಕೊ ನೋ ಮೋರಿ ಅನ್ನುವ ಕಾಡಿನ ಉದ್ಯಾನ. ಇಲ್ಲಿ ಶೌಚಾಲಯ, ನೋಟದ ಗೋಪುರ ಎರಡೂ ಇವೆ. ಗೋಪುರ ಹತ್ತಿ, ಆದರೆ ಸುತ್ತಲಿನ ಕೆಂಪು ತೊಗಟೆಯ ಪೈನ್ ಮರಗಳನ್ನು ಮರೆಯಬೇಡಿ.

ಈ ಊರಿನ ಕುಂಬಾರಿಕೆ ನಿಂತಿದ್ದೇ ಆ ಮರದ ಮೇಲೆ. ಪಕ್ಕದ ಊರು ಕಸಾಮಾದಲ್ಲಿ ಕೆಲಸ ಕಲಿತ ಓತ್ಸುಕಾ ಕೇಝಬುರೊ ಎಂಬಾತ 1853ರಲ್ಲಿ ಇಲ್ಲಿ ಪಾತ್ರೆ ಸುಡುವ ಆವಿಗೆ ಹಾಕಿದ. ಮಣ್ಣು ತರಿ ತರಿ, ತೆಳ್ಳಗೆ ಎಳೆದರೆ ನಿಲ್ಲುವುದಿಲ್ಲ. ಹಾಗಾಗಿ ನೀರಿನ ಹಂಡೆ, ಅರೆಯುವ ಬೋಗುಣಿ, ಟೀ ಕುದಿಸುವ ಪಾತ್ರೆ, ಹೀಗೆ ದಪ್ಪನೆಯ ಅಡುಗೆಮನೆ ಸಾಮಾನೇ ಇಲ್ಲಿ ತಯಾರಾಗುತ್ತಿತ್ತು. ಸುಡುವ ಆವಿಗೆ ಇಳಿಜಾರಿನ ಮೇಲೆ ಕೋಣೆ ಕೋಣೆಯಾಗಿ ಮೇಲಕ್ಕೆ ಏರುತ್ತದೆ. ಕೆಳಗೆ ಹಾಕಿದ ಬೆಂಕಿ ಮೇಲಿನ ಕೋಣೆಯವರೆಗೂ ಓಡಬೇಕು, ಶಾಖ 1,200 ಡಿಗ್ರಿ ದಾಟಬೇಕು. ಅಷ್ಟುದ್ದ ಜ್ವಾಲೆ ಕೊಡುವುದು ಅಂಟು ತುಂಬಿದ ಈ ಪೈನ್ ಸೌದೆ. ಈಗ ಹೆಚ್ಚಿನವರು ಗ್ಯಾಸ್, ಕರೆಂಟಿನಲ್ಲಿ ಸುಡುತ್ತಾರೆ, ಆದರೂ ಸೌದೆ ಬಿಡದವರಿದ್ದಾರೆ.

ಉದ್ಯಾನದಿಂದ ಕಾಲುದಾರಿ ತಕಾದತೆ ಗುಡ್ಡದ ಕಡೆ ಹೋಗುತ್ತದೆ. ಎತ್ತರ ಬರೀ 300 ಮೀಟರ್ ಆಸುಪಾಸು, ಹೆದರಬೇಡಿ. ಬೋರ್ಡುಗಳು ಜಪಾನಿಯಲ್ಲಿರುತ್ತವೆ. ಗುಡ್ಡದ ಹೆಸರು, ದೇವಸ್ಥಾನದ ಹೆಸರು ಆ ಲಿಪಿಯಲ್ಲಿ ಹೇಗಿರುತ್ತವೆ ಅಂತ ಫೋನಿನಲ್ಲಿ ಮೊದಲೇ ಇಟ್ಟುಕೊಂಡರೆ ಹೋಲಿಸಿ ನೋಡಿಕೊಂಡು ಹೋಗಬಹುದು. ತುದಿಯಲ್ಲಿ ಹಳೇ ಕೋಟೆಯ ಗುರುತುಗಳಿವೆ, ಅಷ್ಟೇ. ಊಟಕ್ಕೆ ಒಳ್ಳೇ ಜಾಗ.

ಇಳಿಯುವ ದಾರಿಯಲ್ಲಿ ಸೈಮ್ಯೋಜಿ ಎಂಬ ಹಳೇ ಬೌದ್ಧ ದೇವಸ್ಥಾನ ಇದೆ. ಇಡೀ ಸುತ್ತಿನಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಎಲೆ ಉದುರದ ದಟ್ಟ ಮರಗಳ ನಡುವೆ 1492ರ ಹುಲ್ಲು ಹೊದಿಸಿದ ಬಾಗಿಲುಮಂಟಪ, ಪಕ್ಕದಲ್ಲಿ 1538ರ ಮೂರಂತಸ್ತಿನ ಗೋಪುರ. ಬಂದೋ, ಅಂದರೆ ಟೋಕಿಯೊ ಸುತ್ತಲಿನ ಸೀಮೆಯ 33 ಕಣ್ಣೊನ್ ಕ್ಷೇತ್ರಗಳಲ್ಲಿ ಇದು 20ನೆಯದು. ಕಣ್ಣೊನ್ ಅಂದರೆ ನಮ್ಮ ಅವಲೋಕಿತೇಶ್ವರ. ಅಲ್ಲೇ ಒಂದು ಸಣ್ಣ ಗುಡಿಯೊಳಗೆ ಇಣುಕಿ: ಯಮಧರ್ಮರಾಯ ಬಾಯಿ ತೆರೆದು ನಗುತ್ತ ಕೂತಿದ್ದಾನೆ! ನಗುವ ಯಮನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಅಲ್ಲಿಂದ ಊರಿಗೆ ಸುಮ್ನೆ ರಸ್ತೆ ಹಿಡಿದು ಬಂದರಾಯಿತು. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಮೂರರೊಳಗೆ ದೇವಸ್ಥಾನದಿಂದ ಹೊರಡಿ.

ಕೊಳ್ಳುವುದು

ಮೊದಲು ಸಂಕೋಕಾನ್ ಮ್ಯೂಸಿಯಂ ನೋಡಿ. 1924ರಲ್ಲಿ ಇಂಗ್ಲೆಂಡಿನಿಂದ ಜಪಾನಿಗೆ ಮರಳಿ ಈ ಊರಿಗೆ ಬಂದ ಹೆಸರಾಂತ ಕುಂಬಾರ ಹಮಾದಾ ಶೋಜಿ ಇದ್ದ ಜಾಗ ಇದು. ಆತನ ಹುಲ್ಲು ಮಾಡಿನ ಮನೆಗಳೂ ಇಳಿಜಾರಿನ ಆವಿಗೆಯೂ ಇಲ್ಲಿವೆ. ಭತ್ತದ ಹೊಟ್ಟಿನ ಬೂದಿಯಿಂದ ಹಾಲಿನಂಥ ಬಿಳಿ ಮೆರುಗು, ಕಲ್ಲಿನ ಪುಡಿಯಿಂದ ಕೆಂಪು ಕಂದು ಮೆರುಗು. ಇವೆರಡನ್ನು ಗುರುತಿಟ್ಟುಕೊಂಡು ಬೀದಿಗೆ ಹೋಗಿ, ಅಂಗಡಿ ಅಂಗಡಿಯಲ್ಲೂ ಸಿಗುತ್ತವೆ.

ಕೊಳ್ಳುವ ಮುಂಚೆ ಬಟ್ಟಲನ್ನು ಬೋರಲು ಹಾಕಿ ತಳಕ್ಕೆ ಬೆರಳಾಡಿಸಿ. ತರಿ ಜಾಸ್ತಿ ಇದ್ದರೆ ಮೇಜು ಗೀರುತ್ತದೆ. ಸುತ್ತಿಕೊಡಲು ಕೇಳಿ, ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮನೆಗೆ ತಂದ ಮೇಲೆ ಬಳಸುವ ಮೊದಲು ಅಕ್ಕಚ್ಚಿನಲ್ಲಿ ಮುಳುಗಿಸಿ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ, ಹಾಗೇ ಆರಲು ಬಿಡಿ. ಸಾರಿನ ಕಲೆ ಬೇಗ ಹಿಡಿಯುವುದಿಲ್ಲ.