ಬೊಲೆರೊಗೆ ಕಬ್ಬಿಣದ ಹಿಂಬದಿ ಬಂಪರ್, ಅದರ ಮೇಲೆ ತಿರುಗುವ ಸ್ಟೆಪ್ನಿ ಕೈ: ನಾನು ಮಾಡಿದ ಕ್ರಮ

ಬೊಲೆರೊದ ಹಿಂದಿನ ಬಾಗಿಲನ್ನು ಸ್ವಲ್ಪ ಎತ್ತಿ ಹಿಡಿದರೆ ಮಾತ್ರ ಲಾಕ್ ಬೀಳುತ್ತದೆ ಅಂತಾದರೆ, ಅದು ಸ್ಟೆಪ್ನಿಯ ಭಾರದ ಕೆಲಸ. 215/75 ಆರ್ 15 ಟಯರು ಇರುವಾಗ ಹೇಗೋ ನಡೆಯುತ್ತದೆ. ನಾನು 235/75 ಆರ್ 15 ಹಾಕಿಸಿದೆ. ಟಯರಿನ ಎತ್ತರ 703 ಮಿಮೀಯಿಂದ 733ಕ್ಕೆ ಹೋಯಿತು, ಬರೀ 3 ಸೆಂಟಿಮೀಟರ್. ಆದರೆ ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ನೋಡಿದರೆ ರಿಮ್ ಸೇರಿ 28 ಕೆಜಿ ಬಂತು. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ನಮ್ಮ ತೋಟಕ್ಕೆ ಇಳಿಯುವುದು ಮುರಕಲ್ಲು ಎದ್ದ ಗುಡ್ಡೆ ದಾರಿ. ಆ ದಾರಿಯಲ್ಲಿ ದಿನಕ್ಕೆ ಎರಡು ಸಲ 28 ಕೆಜಿ ಕುಣಿದರೆ ತೆಳು ತಗಡಿನ ಬಾಗಿಲು, ಅದರ ಹಿಂಜು ಎಷ್ಟು ದಿನ ತಡೆಯುತ್ತವೆ ಹೇಳಿ. ಹಾಗಾಗಿ ಭಾರವನ್ನು ಬಾಗಿಲಿನಿಂದ ತೆಗೆದು ಚಾಸಿಯ ಮೇಲೆ ಹಾಕುವ ಬಂಪರ್ ಮಾಡಿದೆ. ಸ್ಟೆಪ್ನಿ ಕೂರುವುದು ಬಂಪರಿನ ಒಂದು ತುದಿಯ ಪಿನ್ನಿನ ಮೇಲೆ ಗೇಟಿನ ಹಾಗೆ ತಿರುಗುವ ಕಬ್ಬಿಣದ ಕೈಯಲ್ಲಿ. ಜಿಪ್ಸಿಯಲ್ಲೂ ಸ್ಟೆಪ್ನಿ ಬಾಗಿಲಿನ ಮೇಲೆಯೇ ಇರುವುದು, ಅದಕ್ಕೂ ಇದೇ ಕ್ರಮ ಆಗುತ್ತದೆ.

ಕಬ್ಬಿಣ ತರುವ ಮೊದಲು ಕಾನೂನು ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪ ಬದಲಾಗುವ ಹಾಗೆ ಗಾಡಿಯಲ್ಲಿ ಕೈ ಆಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು, ಅದು ಕೇರಳದಿಂದಲೇ ಹೋದ ಕೇಸು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲದಿದ್ದರೆ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು ಅಂತ ಬಂತು. ನಂಬರು ಕೆಎಲ್ 14 ಇರಲಿ, ಪುತ್ತೂರಿನ ಕೆಎ 21 ಇರಲಿ, ಕಾಯ್ದೆ ಒಂದೇ. ಆದ್ದರಿಂದ ನನ್ನ ಬಂಪರ್ ಪೂರ್ತಿ ಬೋಲ್ಟಿನ ಮೇಲೆ ನಿಲ್ಲುತ್ತದೆ, ಚಾಸಿಗೆ ಒಂದು ಚುಕ್ಕೆ ವೆಲ್ಡಿಂಗ್ ಕೂಡ ಇಲ್ಲ. ಇದು ತೋಟದ ಒಳಗಿನ ಓಡಾಟಕ್ಕೆ. ಡಾಂಬರು ರಸ್ತೆಗೆ ಹೋಗುವಾಗ ಕಂಪನಿಯ ಬಂಪರ್ ವಾಪಸ್ ಹಾಕುತ್ತೇನೆ. ಇಬ್ಬರಿದ್ದರೆ ಮುಕ್ಕಾಲು ಗಂಟೆಯ ಕೆಲಸ. ನಿಮ್ಮ ಗಾಡಿ ರಸ್ತೆಯಲ್ಲೇ ಜಾಸ್ತಿ ಓಡುವುದಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ, ಆಮೇಲೆ ಕಬ್ಬಿಣ ತನ್ನಿ.

ಈಗ ಅಳತೆ. ಗಾಡಿಯನ್ನು ಮಟ್ಟ ಇರುವ ಜಾಗದಲ್ಲಿ ನಿಲ್ಲಿಸಿ. ಅಡಿಕೆ ಒಣಗಿಸುವ ಅಂಗಳ ಇದಕ್ಕೆ ಒಳ್ಳೆಯದು. ಹಳೆ ಬಂಪರ್ ಬಿಚ್ಚಿ, ಚಾಸಿಯ ಎರಡು ತುದಿಗಳ ನಡುವಿನ ದೂರ, ನೆಲದಿಂದ ಎತ್ತರ, ಈಗಾಗಲೇ ಇರುವ ತೂತುಗಳ ಜಾಗ, ಸೈಲೆನ್ಸರ್ ಪೈಪಿನ ಬಾಯಿ, ಎಲ್ಲವನ್ನೂ ಬರೆದುಕೊಳ್ಳಿ. ರಟ್ಟಿನಲ್ಲಿ ಒಂದು ಬಂಪರ್ ಕತ್ತರಿಸಿ ಟೇಪ್ ಹಾಕಿ ಅಂಟಿಸಿ ನೋಡಿ. ಬಾಗಿಲು ತೆಗೆದು ನೋಡಿ. ಸುಮ್ನೆ ಕಾಗದದ ಮೇಲಿನ ಲೆಕ್ಕ ನಂಬಿದರೆ ಬಾಗಿಲಿನ ಕೆಳಗಿನ ಅಂಚು ಬಂಪರಿಗೆ ತಾಗುವುದು ಕಬ್ಬಿಣ ಕತ್ತರಿಸಿದ ಮೇಲೆಯೇ ಗೊತ್ತಾಗುವುದು. ಬಂಪರ್ ಎಷ್ಟು ಮೇಲೆ ಕೂರುತ್ತದೋ ಅಷ್ಟು ಒಳ್ಳೆಯದು, ತೋಡು ದಾಟಿ ಏರುವಾಗ ಹಿಂಬದಿ ನೆಲಕ್ಕೆ ತಾಗುವುದಿಲ್ಲ.

ಬಂಪರಿನ ತೊಲೆಗೆ ನಾನು 80×80 ಮಿಮೀ, 4 ಮಿಮೀ ದಪ್ಪದ ಸ್ಕ್ವೇರ್ ಪೈಪ್ ತಂದೆ. ತೂಕದ ಲೆಕ್ಕ ಸುಲಭ: 1 ಮಿಮೀ ದಪ್ಪದ ಕಬ್ಬಿಣದ ಹಾಳೆ ಒಂದು ಚದರ ಮೀಟರಿಗೆ 7.85 ಕೆಜಿ. ಅದರ ಪ್ರಕಾರ ಈ ಪೈಪ್ ಮೀಟರಿಗೆ ಸುಮಾರು 9.5 ಕೆಜಿ, ಒಂದೂವರೆ ಮೀಟರಿಗೆ 14 ಕೆಜಿ. ಇನ್ನೂ ದಪ್ಪ ಹಾಕುವ ಅಂತ ಅಂಗಡಿಯವರೂ ಹೇಳುತ್ತಾರೆ, ನಮ್ಮ ಮನಸ್ಸೂ ಹೇಳುತ್ತದೆ. ಬೇಡ. ಹಿಂದಿನ ಆಕ್ಸಲಿನಿಂದ ಅಷ್ಟು ದೂರದಲ್ಲಿ ಪ್ರತಿ ಕೆಜಿಯೂ ಸ್ಪ್ರಿಂಗನ್ನು ಕೂರಿಸುತ್ತದೆ. ತಿರುಗುವ ಕೈಗೆ 50×50, 4 ಮಿಮೀ ಸಾಕು. ತೊಲೆಯನ್ನು ಚಾಸಿಗೆ ಹಿಡಿಸುವ ಬ್ರಾಕೆಟಿಗೆ 8 ಮಿಮೀ ಪ್ಲೇಟ್. ಗುಜರಿಯಲ್ಲಿ ಒಳ್ಳೆ ಪ್ಲೇಟ್ ಸಿಗುತ್ತದೆ. ಆದರೆ ಪೈಪ್ ಮಾತ್ರ ಹೊಸತೇ ತನ್ನಿ, ಹಳೆ ಪೈಪಿನ ಒಳಗೆ ಎಷ್ಟು ತುಕ್ಕು ಉಂಟು ಅಂತ ಹೊರಗಿನಿಂದ ಕಾಣುವುದಿಲ್ಲ. ಸತು ಲೇಪಿಸಿದ ಜಿಐ ಪೈಪ್ ಬೇಡವೇ ಬೇಡ, ವೆಲ್ಡ್ ಮಾಡುವಾಗ ಸತುವಿನ ಹೊಗೆ ಬಂದು ಜ್ವರ ಹಿಡಿಸುತ್ತದೆ.

ಈ ಇಡೀ ಕೆಲಸದ ಜೀವ ಇರುವುದು ಕೈ ತಿರುಗುವ ಪಿನ್ನಿನಲ್ಲಿ. ಉಳಿದದ್ದರಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆದರೆ ಸರಿ ಮಾಡಿಕೊಳ್ಳಬಹುದು, ಇದರಲ್ಲಿ ಆಗುವುದಿಲ್ಲ. ಲೆಕ್ಕ ನೋಡಿ. 28 ಕೆಜಿಯ ಚಕ್ರದ ನಡು ಪಿನ್ನಿನಿಂದ 75 ಸೆಂಮೀ ದೂರ. ಕೈಯದ್ದೇ ತೂಕ 14 ಕೆಜಿ, ಅದರ ನಡು 40 ಸೆಂಮೀ ದೂರ. ಮೇಲಿನ ಬೇರಿಂಗಿಗೂ ಕೆಳಗಿನ ಬೇರಿಂಗಿಗೂ ನಡುವೆ 10 ಸೆಂಮೀ ಇದ್ದರೆ ಮೇಲಿನದನ್ನು ಹೊರಕ್ಕೆ ಎಳೆಯುವ, ಕೆಳಗಿನದನ್ನು ಒಳಕ್ಕೆ ಒತ್ತುವ ಬಲ ಸುಮಾರು 265 ಕೆಜಿ. ಇದು ಗಾಡಿ ನಿಂತಿರುವಾಗ. ಗುಂಡಿಗೆ ಬಿದ್ದರೆ ಇದರ ಎರಡು ಮೂರು ಪಟ್ಟು. ತೋಟದ ಕಬ್ಬಿಣದ ಗೇಟು ವರ್ಷ ಕಳೆದ ಹಾಗೆ ಜೋತು ಬಿದ್ದು ನೆಲಕ್ಕೆ ಉಜ್ಜುತ್ತದೆ ಅಲ್ವಾ? ಮುರಕಲ್ಲಿನ ಕಂಬದಿಂದ ಮೊದಲು ಕಿತ್ತು ಬರುವುದು ಯಾವಾಗಲೂ ಮೇಲಿನ ಹಿಂಜು. ಇಲ್ಲಿಯೂ ಅದೇ.

ಮೊದಲ ಸಲ ನಾನು ಪಿನ್ನನ್ನು ತೊಲೆಯ ಮೇಲಿನ ಮುಖಕ್ಕೆ ಮಾತ್ರ ವೆಲ್ಡ್ ಮಾಡಿದ್ದೆ. ನೋಡಲು ಗಟ್ಟಿಯಾಗಿಯೇ ಇತ್ತು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ವೆಲ್ಡಿನ ಅಂಚಿನಲ್ಲಿ, ಪೈಪಿನ ಬದಿಗೆ, ಕೂದಲೆಳೆಯಷ್ಟು ಬಿರುಕು. ಅದರಿಂದ ತುಕ್ಕಿನ ನೀರು ಇಳಿದು ಕಪ್ಪು ಪೇಂಟಿನ ಮೇಲೆ ಕೆಂಪು ಗೆರೆ ಎಳೆದಿತ್ತು. ಕೈಯ ತುದಿ ಎರಡು ಬೆರಳು ಕೆಳಗಿಳಿದಿತ್ತು. ವೆಲ್ಡ್ ಬಿಟ್ಟದ್ದಲ್ಲ, 4 ಮಿಮೀ ಗೋಡೆಯೇ ಬಾಗಿ ಬಾಗಿ ಸೋತದ್ದು. ಹಾಗಾಗಿ ಪಿನ್ ತೊಲೆಯ ಮೇಲಿನ ಮುಖದಲ್ಲಿ ಹೊಕ್ಕು ಕೆಳಗಿನ ಮುಖದಲ್ಲಿ ಹೊರಡಬೇಕು, ಎರಡೂ ಕಡೆ ಸುತ್ತ ವೆಲ್ಡ್ ಆಗಬೇಕು. ಮೇಲೊಂದು ಕೆಳಗೊಂದು 8 ಮಿಮೀ ಪ್ಲೇಟಿನ ತುಂಡು ಹಾಕಿ ಅದಕ್ಕೂ ಸೇರಿಸಿದರೆ ಭಾರ ಅಗಲಕ್ಕೆ ಹಂಚಿ ಹೋಗುತ್ತದೆ.

ಪಿನ್ನಿಗೆ ಇಎನ್8 ಅನ್ನುವ ಗಟ್ಟಿ ಉಕ್ಕಿನ ಶಾಫ್ಟ್ ತಂದು ಲೇತಿಗೆ ಕೊಡಿ. ತೊಲೆಯೊಳಗೆ ಹೋಗುವ ಭಾಗ 40 ಮಿಮೀ, ಕೆಳಗಿನ ಬೇರಿಂಗಿಗೆ 30 ಮಿಮೀ, ಮೇಲಿನದಕ್ಕೆ 25 ಮಿಮೀ, ತುದಿಯಲ್ಲಿ ನಟ್ಟಿಗೆ ಮರೆ (ಥ್ರೆಡ್) ಮತ್ತು ಸ್ಪ್ಲಿಟ್ ಪಿನ್ನಿಗೆ ತೂತು. ಬೇರಿಂಗ್ ಟೇಪರ್ (ಓರೆ ರೋಲರಿನ) ಜಾತಿಯದ್ದು ಇರಲಿ: ಕೆಳಗೆ 30206 ನಂಬರಿನದ್ದು, ಅದರ ಹೊರ ಅಳತೆ 62 ಮಿಮೀ. ಮೇಲೆ 30205, ಹೊರ ಅಳತೆ 52 ಮಿಮೀ. ಎರಡೂ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುವ ಮಾಲು. ಇವು ಕೂರುವ ಹೌಸಿಂಗಿಗೆ ದಪ್ಪ ಗೋಡೆಯ ಪೈಪ್ ಬೇಕು. ಇಲ್ಲಿ ಲೇತಿನವರು ನನಗೆ ಹೇಳಿದ ಒಂದು ಮಾತು ಬಹಳ ಉಪಕಾರ ಆಯಿತು: "ಮೊದಲು ಕೈಯನ್ನು ಹೌಸಿಂಗಿಗೆ ವೆಲ್ಡ್ ಮಾಡಿ ತನ್ನಿ, ಆಮೇಲೆ ಬೋರ್ ಮಾಡುವ." ಬೋರ್ ಮಾಡಿದ, ಅಂದರೆ ಒಳಗನ್ನು ಅಳತೆಗೆ ಕೊರೆದ ಮೇಲೆ ವೆಲ್ಡ್ ಮಾಡಿದರೆ ಬಿಸಿಗೆ ಪೈಪ್ ಮೊಟ್ಟೆಯಾಕಾರ ಆಗುತ್ತದೆ, ಬೇರಿಂಗ್ ಕೂರುವುದಿಲ್ಲ. ಉದ್ದದ ಕೈ ಲೇತಿನಲ್ಲಿ ತಿರುಗುವುದಿಲ್ಲವಾದ್ದರಿಂದ ಹೌಸಿಂಗಿಗೆ ಒಂದು ಗೇಣು ಉದ್ದದ ತುಂಡು ಮಾತ್ರ ವೆಲ್ಡ್ ಮಾಡಿ ಕೊಟ್ಟೆ, ಉಳಿದ ಕೈಯನ್ನು ಬೋರ್ ಆದ ಮೇಲೆ ಆ ತುಂಡಿಗೆ ಸೇರಿಸಿದೆ.

ಇಎನ್8 ಸಾದಾ ಕಬ್ಬಿಣ ಅಲ್ಲ, ಅದರಲ್ಲಿ ಕಾರ್ಬನ್ ಜಾಸ್ತಿ. ತಣ್ಣಗಿರುವಾಗ ನೇರ ವೆಲ್ಡ್ ಹೊಡೆದರೆ ವೆಲ್ಡಿನ ಪಕ್ಕ ಗಾಜಿನ ಹಾಗೆ ಗಡಸಾಗಿ ಬಿರುಕು ಬಿಡುತ್ತದೆ. ಗ್ಯಾಸ್ ಟಾರ್ಚಿನಿಂದ 150ರಿಂದ 200 ಡಿಗ್ರಿಯವರೆಗೆ ಕಾಯಿಸಿ. ನೀರು ಚಿಮುಕಿಸಿದರೆ ಚುರ್ ಅಂತ ಕ್ಷಣದಲ್ಲಿ ಆರಿಹೋಗಬೇಕು. 7018 ನಂಬರಿನ ವೆಲ್ಡಿಂಗ್ ರಾಡಿನಲ್ಲಿ ವೆಲ್ಡ್ ಮಾಡಿ, ಮುಗಿದ ಕೂಡಲೇ ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ಅಡಿಕೆ ಸಿಪ್ಪೆ ಸುಟ್ಟ ಬೂದಿ ಎಲ್ಲರ ಮನೆಯಲ್ಲೂ ಉಂಟಲ್ಲ. ಯಾವ ಕಾರಣಕ್ಕೂ ನೀರು ಹಾಕಿ ತಣಿಸಬೇಡಿ. 7018 ರಾಡು ಗಾಳಿಯ ತೇವ ಹೀರುತ್ತದೆ, ನಮ್ಮ ಕಡೆಯ ಹವೆಯಲ್ಲಿ ಕೇಳುವುದೇ ಬೇಡ. ಪ್ಯಾಕೆಟ್ ಒಡೆದು ದಿನಗಟ್ಟಲೆ ಆದದ್ದನ್ನು ಈ ಜಾಗಕ್ಕೆ ಬಳಸಬೇಡಿ. ಉಳಿದ ಜೋಡಣೆಗೆಲ್ಲ 3.15 ಮಿಮೀಯ 6013 ರಾಡು, 100ರಿಂದ 120 ಆಂಪಿಯರ್ ಸಾಕು. ಸಂಜೆ ವೋಲ್ಟೇಜ್ ಇಳಿದು ರಾಡು ಅಂಟತೊಡಗಿದರೆ ಕೆಲಸ ನಿಲ್ಲಿಸಿ ಬೆಳಿಗ್ಗೆ ಮಾಡಿ.

ಬ್ರಾಕೆಟಿನ ಬಗ್ಗೆ ಮೂರು ಮಾತು. ಚಾಸಿಯಲ್ಲಿ ಈಗಾಗಲೇ ಇರುವ ತೂತುಗಳನ್ನೇ ಬಳಸಿ, ಹೊಸದು ಬೇಕೇ ಬೇಕು ಅಂದರೆ ಪಕ್ಕದ ಗೋಡೆಯಲ್ಲಿ ಮಾಡಿ, ಮೇಲಿನ ಕೆಳಗಿನ ಅಂಚಿನಲ್ಲಿ ಬೇಡ. ಒಂದೊಂದು ಬದಿಗೆ ನಾಲ್ಕು ಎಂ12 ಬೋಲ್ಟ್, ತಲೆಯ ಮೇಲೆ 8.8 ಅಂತ ಬರೆದಿರಬೇಕು, ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ಸುಲಭಕ್ಕೆ ಸಡಿಲ ಆಗದ್ದು), ಬಿಗಿ ಸುಮಾರು 80 ನ್ಯೂಟನ್ ಮೀಟರ್. ಚಾಸಿ ಅಲ್ಲಿ ಪೆಟ್ಟಿಗೆಯ ಹಾಗೆ ಮುಚ್ಚಿದ್ದರೆ ಬೋಲ್ಟ್ ಹಾಯುವಲ್ಲಿ ಒಳಗೆ ಪೈಪಿನ ತುಂಡು ಇಡಿ, ಇಲ್ಲದಿದ್ದರೆ ಬಿಗಿ ಮಾಡಿದ ಹಾಗೆ ಚಾಸಿಯೇ ಒಳಕ್ಕೆ ಕುಸಿಯುತ್ತದೆ.

ಈಗ ಬ್ರಾಕೆಟ್ ಗಾಡಿಗೆ ಬಿಗಿದು, ತೊಲೆಯನ್ನು ಜಾಕಿಯ ಮೇಲೆ ಎತ್ತಿ ಹಿಡಿದು, ರಸಮಟ್ಟ ಇಟ್ಟು, ಬ್ರಾಕೆಟಿಗೂ ತೊಲೆಗೂ ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಮಾತ್ರ ಹಾಕಿ. ಗಾಡಿಯ ಮೇಲೆ ಟ್ಯಾಕ್ ಹಾಕುವಾಗಲೂ ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿರಬೇಕು, ಅರ್ಥಿಂಗ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು. ದೂರದಲ್ಲಿ ಕಚ್ಚಿಸಿದರೆ ಕರೆಂಟು ಬೇರಿಂಗು, ವಯರಿಂಗ್ ಎಲ್ಲ ಸುತ್ತಿ ಬರುತ್ತದೆ. ಡೀಸೆಲ್ ಟ್ಯಾಂಕ್ ಎಲ್ಲಿದೆ ನೋಡಿಕೊಳ್ಳಿ, ಅದಕ್ಕೆ ಒದ್ದೆ ಗೋಣಿ ಮುಚ್ಚಿ, ಮರಳಿನ ಬಕೆಟ್ ಕೈಗೆ ಸಿಗುವ ಹಾಗಿರಲಿ. ಟ್ಯಾಕ್ ಆದ ಮೇಲೆ ಇಡೀ ಬಂಪರನ್ನು ಕೆಳಗಿಳಿಸಿ ಪೂರ್ತಿ ವೆಲ್ಡ್ ಮಾಡಿ. ಒಂದೇ ಬದಿ ಉದ್ದಕ್ಕೆ ಹೊಡೆಯುತ್ತಾ ಹೋದರೆ ತೊಲೆ ಬಾಳೆಕಾಯಿಯ ಹಾಗೆ ಬಾಗುತ್ತದೆ. ಇಲ್ಲಿ ಎರಡು ಇಂಚು, ಆ ತುದಿಯಲ್ಲಿ ಎರಡು ಇಂಚು, ಹಾಗೆ ಬದಲಾಯಿಸಿ ಮಾಡಿ.

ಪಿನ್ ಯಾವ ಬದಿಗೆ ಅಂತ ಕೇಳುತ್ತಾರೆ. ಹಿಂದಿನ ಬಾಗಿಲಿನ ಹಿಂಜು ಇರುವ ಬದಿಗೇ. ಆಗ ಎರಡೂ ಒಂದೇ ಕಡೆಗೆ ತೆರೆಯುತ್ತವೆ, ಗೋಣಿ ತುಂಬುವಾಗ ಅಡ್ಡ ಬರುವುದಿಲ್ಲ. ಪಿನ್ ನಿಲ್ಲಿಸುವಾಗ ತೂಗುಗುಂಡು ಬಿಟ್ಟು ಹಿಂದಿನಿಂದಲೂ ಪಕ್ಕದಿಂದಲೂ ನೋಡಿ. ಸ್ವಲ್ಪ ವಾಲಿದರೂ ಕೈ ತಾನಾಗಿ ತೆರೆಯುತ್ತದೆ, ಇಲ್ಲವೇ ಬಂದು ಕಾಲಿಗೆ ಹೊಡೆಯುತ್ತದೆ. ಚಕ್ರ ಕೂರಿಸಲು 10 ಮಿಮೀ ಪ್ಲೇಟಿನಲ್ಲಿ 139.7 ಮಿಮೀ ವ್ಯಾಸದ ವೃತ್ತಕ್ಕೆ ತೂತು ಮಾಡಿ, ಇದು ಬೊಲೆರೊಗೂ ಜಿಪ್ಸಿಗೂ ಒಂದೇ. ಐದರಲ್ಲಿ ಮೂರು ಬೋಲ್ಟ್ ಸಾಕು. ನಿಮ್ಮ ಗಾಡಿಯದ್ದೇ ವೀಲ್ ಬೋಲ್ಟು ನಟ್ಟು ಹಾಕಿ, ಒಂದೇ ಸ್ಪ್ಯಾನರಿನಲ್ಲಿ ಕೆಲಸ ಮುಗಿಯುತ್ತದೆ. ಚಕ್ರ ನಂಬರ್ ಪ್ಲೇಟನ್ನಾಗಲಿ ಲೈಟನ್ನಾಗಲಿ ಮುಚ್ಚಬಾರದು.

ಪಿನ್ನಿನ ನಂತರ ಮುಖ್ಯ ಅಂದರೆ ಕೈ ಮುಚ್ಚಿದಾಗ ಅದರ ತುದಿ ಕೂರುವ ಮಣೆ. ಪಿನ್ ಎಷ್ಟೇ ಗಟ್ಟಿ ಇರಲಿ, ಓಡುವಾಗ ಭಾರವನ್ನೆಲ್ಲ ಅದೊಂದೇ ಹೊರಬಾರದು. ತೊಲೆಯ ಇನ್ನೊಂದು ತುದಿಯಲ್ಲಿ 8 ಮಿಮೀ ಪಟ್ಟಿಯನ್ನು ಇಳಿಜಾರಾಗಿ ಬಗ್ಗಿಸಿ ವೆಲ್ಡ್ ಮಾಡಿ. ಕೈ ಮುಚ್ಚುತ್ತಾ ಬಂದು ಅದರ ಮೇಲೆ 3-4 ಮಿಮೀ ಏರಿ ಕೂರಬೇಕು. ಏರುವಾಗ ಸಣ್ಣ ಒತ್ತಡ ಕೈಗೆ ಗೊತ್ತಾಗಬೇಕು. ಮೇಲೆ ದಪ್ಪ ರಬ್ಬರ್ ಇಲ್ಲವೇ ನೈಲಾನ್ ತುಂಡು ಹಾಕಿ, ಲಾರಿ ಟಯರಿನ ತುಂಡು ಸಾಕು. ಲಾಕಿಗೆ ಎಳೆದು ಮಡಚುವ ಜಾತಿಯ ಲಾಚ್, ಅದರ ಉದ್ದ ಹೊಂದಿಸಲು ಬರಬೇಕು, ಮತ್ತೆ ಅದು ಬಿಟ್ಟರೂ ಕೈ ತೆರೆಯದ ಹಾಗೆ ಬೇರೆಯೇ ಒಂದು ಪಿನ್, ಸರಪಳಿಗೆ ಕಟ್ಟಿದ್ದು. ಈ ಎರಡನೇ ಪಿನ್ ಬೇಡ ಅಂತ ಯಾರು ಹೇಳಿದರೂ ಕೇಳಬೇಡಿ. ಹಿಂದೆ ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಯಾರೋ ಬರುತ್ತಿರುತ್ತಾರೆ, 40 ಕೆಜಿ ಕಬ್ಬಿಣ ರಸ್ತೆಗೆ ಅಡ್ಡ ತೆರೆದರೆ ಏನಾಗಬಹುದು ನೀವೇ ಯೋಚಿಸಿ. ತೆರೆದಾಗಲೂ ನಿಲ್ಲಬೇಕು. ನಮ್ಮಲ್ಲಿ ಮಟ್ಟ ಇರುವ ಜಾಗ ಕಮ್ಮಿ, ಇಳಿಜಾರಿನಲ್ಲಿ ಕೈ ತಾನಾಗಿ ಮುಚ್ಚಿ ಬೆರಳು ಸಿಕ್ಕಿಸುತ್ತದೆ. ಪೂರ್ತಿ ತೆರೆದ ಜಾಗದಲ್ಲಿ ತೂತು ಮಾಡಿ, ಸ್ಪ್ರಿಂಗ್ ಪಿನ್ ತಾನೇ ಬೀಳುವ ಹಾಗೆ ಮಾಡಿದರೆ ಆಯಿತು.

ಬೇರಿಂಗಿಗೆ ಗ್ರೀಸ್ ತುಂಬಿ, ಮುಂದಿನ ಚಕ್ರದ ಹಬ್ ಬಿಗಿಯುವ ಹಾಗೆಯೇ ನಟ್ ಬಿಗಿಯಿರಿ: ಕೈ ತಿರುಗಿಸುತ್ತಾ ಬಿಗಿದು, ಆಟ ಹೋದ ಮೇಲೆ ಚೂರು ಸಡಿಲಿಸಿ, ಸ್ಪ್ಲಿಟ್ ಪಿನ್ ಹಾಕಿ. ಮೇಲೆ ಕ್ಯಾಪ್, ಕೆಳಗೆ ಆಯಿಲ್ ಸೀಲ್, ನಡುವೆ ಗ್ರೀಸ್ ನಿಪ್ಪಲ್.

ಪೇಂಟಿಂಗನ್ನು ಪತ್ತನಾಜೆಯ (ಮೇ ಕೊನೆಗೆ ಬರುವ, ಮಳೆಗಾಲದ ಮುಂಚಿನ ತುಳುನಾಡಿನ ದಿನ) ಮೊದಲೇ ಮುಗಿಸಿ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ, ಮೇಲಿಂದ ಕಡಲಿನ ಉಪ್ಪು ಗಾಳಿ, ಕುಂಬಳೆ ಉಪ್ಪಳದ ಕಡೆಯವರಿಗೆ ಇನ್ನೂ ಜಾಸ್ತಿ. ಪೈಪಿನ ಮೇಲಿನ ಕಪ್ಪು ಪೊರೆಯನ್ನು ಗ್ರೈಂಡರಿಗೆ ವಯರ್ ಕಪ್ ಹಾಕಿ ಪೂರ್ತಿ ತೆಗೆಯಿರಿ, ಥಿನ್ನರಿನಲ್ಲಿ ಒರೆಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಬರೀ ರೆಡ್ ಆಕ್ಸೈಡ್ ಇಲ್ಲಿಗೆ ಸಾಲದು. ತೊಲೆಯ ಎರಡು ತುದಿ ಪ್ಲೇಟ್ ಹಾಕಿ ಮುಚ್ಚಿ, ಅಡಿಯಲ್ಲಿ ಮಾತ್ರ 10 ಮಿಮೀಯ ಎರಡು ತೂತು ಬಿಡಿ, ಒಳಗೆ ಸೇರಿದ ನೀರು ಇಳಿಯಬೇಕಲ್ಲ. ಎಲ್ಲ ಮುಗಿದ ಮೇಲೆ ಆ ತೂತಿನಿಂದಲೇ ಒಳಕ್ಕೆ ತುಕ್ಕು ತಡೆಯುವ ಮೇಣದ ಸ್ಪ್ರೇ ಹೊಡೆಯಿರಿ.

ಮೊದಲ 200 ಕಿಲೋಮೀಟರ್ ಆದ ಮೇಲೆ ಎಂಟೂ ಬೋಲ್ಟ್ ಮತ್ತೆ ಬಿಗಿ ನೋಡಿ. ಹೊಸ ಪೇಂಟ್ ಕುಗ್ಗಿ ಅವು ಖಂಡಿತ ಸಡಿಲ ಆಗಿರುತ್ತವೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಳೆ ಗ್ರೀಸ್ ಹೊರಬರುವವರೆಗೆ ನಿಪ್ಪಲಿಗೆ ಗ್ರೀಸ್ ಹೊಡೆಯಿರಿ. ಆಗಲೇ ಪಿನ್ನಿನ ಬುಡವನ್ನು ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ಸುತ್ತ ನೋಡಿ. ಎಲ್ಲಾದರೂ ಕೆಂಪು ಗೆರೆ ಕಂಡರೆ ಅವತ್ತೇ ಚಕ್ರ ಇಳಿಸಿ.