ಬರಿಬೇರಿನ ಗುಲಾಬಿ: ನಾನು ಆರಿಸುವ, ನೆಡುವ ಕ್ರಮ

ಎಲೆ ಉದುರಿ ಚಳಿಗೆ ಮಲಗಿರುವ ಗಿಡವನ್ನು ಕಿತ್ತು, ಮಣ್ಣು ಕೊಡವಿ, ಬೇರಿಗೆ ಒದ್ದೆ ಪಾಚಿಯನ್ನೋ ಕಾಗದವನ್ನೋ ಸುತ್ತಿ ಮಾರುವುದೇ ಬರಿಬೇರಿನ ಗುಲಾಬಿ. ಕುಂಡದ ಗಿಡಕ್ಕಿಂತ ಸಾಮಾನ್ಯವಾಗಿ ಅಗ್ಗ, ತಳಿಗಳೂ ಹೆಚ್ಚು ಸಿಗುತ್ತವೆ. ಆದರೆ ಒಣಗಿದರೆ ಮುಗಿಯಿತು. ನಾನು ಮಾಡುವುದೆಲ್ಲ ಅದನ್ನು ತಪ್ಪಿಸುವುದಕ್ಕೇ.

ಕೊಳ್ಳುವಾಗ ಪೊಟ್ಟಣದ ಚಿತ್ರಕ್ಕಿಂತ ಕಡ್ಡಿಯನ್ನು ನೋಡುತ್ತೇನೆ. ಪೆನ್ಸಿಲ್ ದಪ್ಪದ ಮೂರು ಕಡ್ಡಿಗಳು ಕಸಿಗಂಟಿನಿಂದ (ಬೇರಿನ ಗಿಡಕ್ಕೆ ಬೇಕಾದ ತಳಿಯನ್ನು ಕಸಿ ಮಾಡಿದ ಜಾಗ) ಬೇರೆ ಬೇರೆ ದಿಕ್ಕಿಗೆ ಹೊರಟಿರಬೇಕು. ತೊಗಟೆ ಸುಕ್ಕುಗಟ್ಟಿದ್ದರೆ ಬೇಡ. ಉಗುರಿನಿಂದ ಕೆರೆದಾಗ ಹಸಿರು ಕಾಣಬೇಕು. ತುದಿ ಕತ್ತರಿಸಿದರೆ ತಿರುಳು ಬೆಳ್ಳಗಿರಬೇಕು. ಕಂದಾಗಿದ್ದರೆ ಬಿಳಿ ಸಿಗುವ ತನಕ ಕೆಳಕ್ಕೆ ಸವರುತ್ತೇನೆ. ಪೊಟ್ಟಣದೊಳಗೇ ಬಿಳಿಚಿದ ಉದ್ದ ಚಿಗುರು ಬಂದಿದ್ದರೆ, ಬೆಚ್ಚಗಿನ ಜಾಗದಲ್ಲಿಟ್ಟು ಗಿಡದೊಳಗಿನ ಆಹಾರದ ದಾಸ್ತಾನು ಖರ್ಚು ಮಾಡಿಸಿದ್ದಾರೆ ಎಂದೇ ಅರ್ಥ. ಕಸಿಗಂಟು ಉಬ್ಬಿರುವುದು ಸಹಜ. ಬೇರಿನ ಮೇಲೆ ಒರಟಾದ ಗಡ್ಡೆ ಕಂಡರೆ ಅದು ಕ್ರೌನ್ ಗಾಲ್ ಇರಬಹುದು. ಬ್ಯಾಕ್ಟೀರಿಯಾದ ಈ ರೋಗ ಮಣ್ಣಿಗೂ ಅಂಟುತ್ತದೆ, ಅಂಥದ್ದನ್ನು ತೋಟಕ್ಕೇ ತರುವುದಿಲ್ಲ.

ತಕ್ಷಣ ನೆಡಲಾಗದಿದ್ದರೆ ನೆರಳಲ್ಲಿ ಸಣ್ಣ ಕಾಲುವೆ ತೋಡಿ, ಗಿಡವನ್ನು ಓರೆಯಾಗಿ ಮಲಗಿಸಿ, ಬೇರಿಗೆ ಹಸಿಮಣ್ಣು ಮುಚ್ಚುತ್ತೇನೆ. ಫ್ರಿಜ್‌ನಲ್ಲಿಡುವವರು ಹಣ್ಣಿನ ಪಕ್ಕ ಇಡಬೇಡಿ, ಸೇಬು ಬಿಡುವ ಎಥಿಲೀನ್ ಅನಿಲ ಕಡ್ಡಿಯ ಕಣ್ಣುಗಳನ್ನು, ಅಂದರೆ ಚಿಗುರು ಹೊರಡುವ ಮೊಗ್ಗುಗಳನ್ನು, ಕೆಡಿಸುತ್ತದೆ.

ನೆಡುವ ಮುನ್ನ ಬೇರು ಎಂಟು-ಹನ್ನೆರಡು ಗಂಟೆ ಬಕೆಟ್ ನೀರಿನಲ್ಲಿರಲಿ. ಒಂದು ದಿನ ಮೀರಬಾರದು, ಬೇರಿಗೆ ಗಾಳಿಯೂ ಬೇಕು. ಗುಣಿ ಸಿದ್ಧವಾದ ಮೇಲಷ್ಟೇ ಬಕೆಟ್ಟಿನಿಂದ ತೆಗೆಯುತ್ತೇನೆ. ಗಾಳಿ-ಬಿಸಿಲಿಗೆ ಸಣ್ಣ ಬೇರುಗಳು ನಿಮಿಷಗಳಲ್ಲೇ ಒಣಗುತ್ತವೆ.

ಗುಣಿ 45 ಸೆಂ.ಮೀ. ಅಗಲ, ಅಷ್ಟೇ ಆಳ. ನೀರು ತುಂಬಿಸಿ ನೋಡಿ: ಮಾರನೆಯ ದಿನವೂ ನಿಂತಿದ್ದರೆ ಬೇರೆ ಜಾಗ ಹುಡುಕಿ. ನಡುವೆ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ಬೇರುಗಳನ್ನು ಸುತ್ತಲೂ ಹರಡುತ್ತೇನೆ. ಬೇರು ಉದ್ದವಾಯಿತೆಂದು ಸುರುಳಿ ಸುತ್ತುವುದಿಲ್ಲ, ಗುಣಿಯನ್ನೇ ಅಗಲಿಸುತ್ತೇನೆ. ಮುರಿದ ತುದಿಗಳಿಗೆ ಮಾತ್ರ ಕತ್ತರಿ. ಗುಣಿಗೆ ಅಡ್ಡಲಾಗಿ ಕೋಲಿಟ್ಟರೆ ನೆಲದ ಮಟ್ಟ ಸಿಗುತ್ತದೆ: ನೆಲ ಹೆಪ್ಪುಗಟ್ಟುವ ಕಡೆ ಕಸಿಗಂಟು ಅದಕ್ಕಿಂತ 5 ಸೆಂ.ಮೀ. ಕೆಳಗೆ, ಹಿಮ ಬೀಳದ ಕಡೆ ತುಸು ಮೇಲೆ. ರಾಸಾಯನಿಕ ಗೊಬ್ಬರವನ್ನಾಗಲಿ ಹಸಿ ಸಗಣಿಯನ್ನಾಗಲಿ ಗುಣಿಗೆ ಹಾಕುವುದಿಲ್ಲ, ಹೊಸ ಬೇರು ಸುಡುತ್ತದೆ. ಅರ್ಧ ಮಣ್ಣು ತುಂಬಿ, ನೀರು ಬಿಟ್ಟು, ಇಂಗಿದ ಮೇಲೆ ಉಳಿದದ್ದು. ಒಟ್ಟು ಸುಮಾರು ಹತ್ತು ಲೀಟರ್ ನೀರು. ಕಾಲಿನಿಂದ ತುಳಿದು ಗಟ್ಟಿ ಮಾಡಬೇಡಿ.

ಇನ್ನು ಹೆಚ್ಚಿನವರು ಬಿಡುವ ಕೆಲಸ. ಕಡ್ಡಿಗಳ ಸುತ್ತ 20 ಸೆಂ.ಮೀ. ಎತ್ತರಕ್ಕೆ ಸಡಿಲ ಮಣ್ಣು ಏರಿಸಿ, ತುದಿ ಮಾತ್ರ ಕಾಣಿಸಲಿ. ಕಡ್ಡಿ ಒಣಗದಿರಲೆಂದೇ ಇದು: ಹೊಸ ಬೇರು ಬರುವ ಮೊದಲೇ ಕಣ್ಣು ಒಡೆಯುತ್ತದೆ. ಆ ಎಲೆಗಳು ಬದುಕುವುದು ಕಡ್ಡಿಯಲ್ಲಿದ್ದ ಸಾರದಿಂದ. ಬಿಸಿಲು ಏರಿದ ದಿನ ಅವು ಜೋತುಬಿದ್ದರೆ ಗಾಬರಿಯಲ್ಲಿ ಗೊಬ್ಬರ ಸುರಿದು ಕೊಲ್ಲುವವರೇ ಬಹಳ. ಚಿಗುರು ಎರಡು-ಮೂರು ಸೆಂ.ಮೀ. ಆದಾಗ, ಮೋಡವಿದ್ದ ದಿನ ನೋಡಿ, ಮಣ್ಣನ್ನು ನೀರಿನಿಂದ ಸ್ವಲ್ಪಸ್ವಲ್ಪವೇ ಇಳಿಸುತ್ತೇನೆ. ಕುರ್ಪಿ ತಾಗಿದರೆ ಚಿಗುರು ಬುಡಕ್ಕೇ ಮುರಿಯುತ್ತದೆ. ಗೊಬ್ಬರ ಮೊದಲ ಹೂವಿನ ನಂತರ.

ಕಸಿಗಂಟಿನ ಕೆಳಗಿನಿಂದ, ಬೇರಿನ ಗಿಡದ್ದೇ ಆಗಿ ಬಂದ ಕಾಡುಚಿಗುರನ್ನು ಕತ್ತರಿಸದೆ, ಮಣ್ಣು ಬಿಡಿಸಿ ಹುಟ್ಟಿದ ಜಾಗದಿಂದಲೇ ಹರಿದು ತೆಗೆಯಿರಿ. ಏಳೆಲೆಯಿದ್ದರೆ (ಒಂದೇ ಎಲೆಯಲ್ಲಿ ಏಳು ಕಿರುಎಲೆಗಳು) ಕಾಡು ಎಂಬ ಮಾತು ನಂಬಬೇಡಿ. ಎಷ್ಟೋ ಒಳ್ಳೆಯ ತಳಿಗಳಿಗೂ ಏಳೆಲೆಯೇ.