ಬೇಕರಿಯ ಮುಂದೆ ನಾಲ್ಕು ಕಂಬ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಹದಿನೇಳು ವರ್ಷಗಳಿಂದ ನಾನು ಬೇಕರಿ ನಡೆಸುತ್ತಿದ್ದೇನೆ. ನಮ್ಮ ಜಿಲ್ಲೆಯವರು ಊರೂರಿಗೆ ಕೊಂಡೊಯ್ದ ಈ ಬಗೆಯ ಬೇಕರಿಗಳಲ್ಲಿ ಗಿರಾಕಿಗಳು ಒಳಗೆ ಬಂದು ಕೂರುವುದು ಕಡಿಮೆ. ಕೌಂಟರಿನ ಹೊರಗೆ, ರಸ್ತೆಗೆ ಬೆನ್ನು ಮಾಡಿ ನಿಂತು, ಒಂದು ಕೈಯಲ್ಲಿ ಖಾರಾ ಬನ್ನು ಮತ್ತೊಂದರಲ್ಲಿ ಟೀ ಲೋಟ ಹಿಡಿದು ಮಾತಾಡುವುದೇ ರೂಢಿ. ಆ ರೂಢಿಯಲ್ಲಿ ಎಂಥ ಅಪಾಯವಿದೆ ಎಂಬುದು ನನಗೆ ತಿಳಿದದ್ದು ಮೂರು ವರ್ಷಗಳ ಹಿಂದೆ, ಒಂದು ಕಾರು ಅಂಗಡಿಯೊಳಕ್ಕೆ ನುಗ್ಗಿದ ಮೇಲೆ.

ಅಂದು ಮಧ್ಯಾಹ್ನ ಮೂರೂವರೆಯ ಹೊತ್ತು. ಆಟೊಮ್ಯಾಟಿಕ್ ಗೇರಿನ ಕಾರೊಂದು ಅಂಗಡಿಗೆ ಮುಖ ಮಾಡಿ ನಿಂತಿತ್ತು. ಹಿಂದಕ್ಕೆ ತೆಗೆಯಬೇಕೆಂದಿದ್ದ ಚಾಲಕರು ಗೇರು ಮುಂದಕ್ಕೇ ಇರುವುದನ್ನು ಗಮನಿಸದೆ ಆಕ್ಸಿಲರೇಟರ್ ತುಳಿದರು. ಗಾಡಿ ಮುಂದಕ್ಕೆ ಚಿಮ್ಮಿದಾಗ ಗಾಬರಿಯಲ್ಲಿ ಬ್ರೇಕೆಂದು ತಿಳಿದು ಅದನ್ನೇ ಇನ್ನಷ್ಟು ಒತ್ತಿದರು. ಅರ್ಧ ಅಡಿ ಎತ್ತರದ ಮೆಟ್ಟಿಲು ಕಾರಿಗೆ ತಡೆಯೇ ಆಗಲಿಲ್ಲ. ಶೋಕೇಸು ಪುಡಿಯಾಯಿತು, ಟೀ ಕುಡಿಯುತ್ತ ನಿಂತಿದ್ದ ಕಾಲೇಜು ಹುಡುಗಿಯೊಬ್ಬಳ ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಬಂಪರ್ ಕೊನೆಗೆ ನಿಂತದ್ದು ಟೀ ಒಲೆಯ ಗ್ಯಾಸ್ ಸಿಲಿಂಡರಿನಿಂದ ಒಂದು ಗೇಣು ದೂರದಲ್ಲಿ. ಅಂದು ರಾತ್ರಿ ಆ ಜಾಗದಲ್ಲಿ ಕೈಯಿಟ್ಟು ಅಳೆದು ನೋಡಿದೆ. ಅದು ಒಂದೇ ಗೇಣು.

ಮೊದಲು ನಾನು ಮಾಡಿದ ಏರ್ಪಾಡು ತಪ್ಪಾಗಿತ್ತು. ವೆಲ್ಡಿಂಗ್ ಅಂಗಡಿಯಲ್ಲಿ ಎರಡಿಂಚಿನ ಪೈಪಿನ ಚಂದದ ಕಟಕಟೆ ಮಾಡಿಸಿ, ಮುಂದಿನ ಚಪ್ಪಡಿಗೆ ಬೋಲ್ಟು ಹಾಕಿ ಕೂರಿಸಿದೆ. ಅದರ ಪಕ್ಕ ಸಿಮೆಂಟಿನ ದೊಡ್ಡ ಹೂಕುಂಡಗಳನ್ನೂ ಇಟ್ಟೆ. ಎರಡೇ ತಿಂಗಳಲ್ಲಿ, ಮೈದಾ ಮೂಟೆ ಇಳಿಸಲು ಬಂದ ಗೂಡ್ಸ್ ಆಟೋ ಹಿಂದಕ್ಕೆ ಬರುವಾಗ ಮೆಲ್ಲಗೆ ತಗುಲಿದ್ದಕ್ಕೇ ಬೋಲ್ಟುಗಳು ಚಪ್ಪಡಿಯ ಚೂರುಗಳ ಸಮೇತ ಕಿತ್ತು ಬಂದವು, ಹೂಕುಂಡ ಜಾರಿ ಗಿರಾಕಿಗಳು ನಿಲ್ಲುವ ಜಾಗಕ್ಕೆ ಬಂದು ನಿಂತಿತು. ನೆಲಕ್ಕೆ ಹೂತಿರದ ಭಾರವಾದ ವಸ್ತು ಗಾಡಿಯನ್ನು ತಡೆಯುವ ಬದಲು ತಾನೇ ಗಾಡಿಯ ಮುಂದೆ ಓಡಿಬಂದು ಜನರಿಗೆ ಬಡಿಯುತ್ತದೆ ಎಂಬುದನ್ನು ಆಗ ಕಣ್ಣಾರೆ ಕಂಡೆ.

ಆಮೇಲೆ, ನೆಲದಲ್ಲಿ ಆಳವಾಗಿ ಹೂತ ತಡೆಗಂಬಗಳನ್ನು ನೆಡುವ ಬಗ್ಗೆ ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕೇಳಿದೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಕು ಮಡಿಯಾಗುತ್ತದೆ, ಆದುದರಿಂದ ಯಾವ ವೇಗದ ಗಾಡಿಯನ್ನು ತಡೆಯಬೇಕೆಂಬುದನ್ನು ಮೊದಲು ನಿರ್ಧರಿಸಿ ಎಂದರು. ಅಂಗಡಿಗಳ ಮುಂದಿನ ಇಂಥ ತಡೆಗಂಬಗಳನ್ನು ಪರೀಕ್ಷಿಸಲು ಅಮೆರಿಕದಲ್ಲಿ ಎಎಸ್‌ಟಿಎಂ ಎಫ್3016 ಎಂಬ ಮಾನದಂಡವಿದ್ದು, ಅದರಲ್ಲಿ ಸುಮಾರು 2,270 ಕೆ.ಜಿ. ತೂಕದ ವಾಹನವನ್ನು ಗಂಟೆಗೆ 16, 32 ಅಥವಾ 48 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡುತ್ತಾರೆಂದು ಅವರಿಂದಲೇ ತಿಳಿಯಿತು. ನನ್ನ ಕಂಬಗಳು ಅಂಥ ಪರೀಕ್ಷೆಗೆ ಒಳಪಟ್ಟವಲ್ಲ. ಓಡಿಬರುವ ಲಾರಿಯನ್ನು ಅವು ನಿಲ್ಲಿಸಲಾರವು. ಆದರೆ ನನ್ನ ಗಿರಾಕಿಗಳಿಗೆ ದಿನವೂ ಎದುರಾಗುವ ಗಂಡಾಂತರವೆಂದರೆ ಅಂಗಡಿಯ ಮುಂದೆಯೇ ನಿಲ್ಲಿಸಿ ಹೊರಡುವ ಕಾರು, ಅದನ್ನು ತಡೆಯುವುದು ನನ್ನ ಕೈಲಾಗುವ ಕೆಲಸ.

ಪಾದಚಾರಿ ಮಾರ್ಗ ನಮ್ಮದಲ್ಲವಾದ್ದರಿಂದ ಅದರ ಮೇಲೆ ಏನನ್ನೂ ನೆಡುವ ಹಕ್ಕು ನಮಗಿಲ್ಲ. ಕಟ್ಟಡದ ಮುಂದೆ ನಮ್ಮದೇ ಐದಡಿ ಜಾಗವಿತ್ತು; ಅದರ ಹೊರ ಅಂಚಿನಲ್ಲಿ ನಾಲ್ಕು ಕಂಬಗಳಿಗೆ ಗುರುತು ಹಾಕಿದೆವು. ಅಂಗಡಿಯ ಮುಂಭಾಗ ಇಪ್ಪತ್ತೆರಡು ಅಡಿ, ಕಂಬದಿಂದ ಕಂಬಕ್ಕೆ ಸುಮಾರು ನಾಲ್ಕಡಿ ಬಯಲು. ಸಣ್ಣ ಕಾರಿನ ಅಗಲವೂ ಹೆಚ್ಚುಕಡಿಮೆ ಐದಡಿ ಇರುವುದರಿಂದ ಅದು ನುಸುಳಲಾರದು, ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿ ಸಲೀಸು. ಇದೇ ಸಂದಿನಲ್ಲಿ ಸ್ಕೂಟರು ಮಾತ್ರ ನುಗ್ಗಬಲ್ಲದು. ಆ ಕೊರತೆ ನೀಗಲು ದ್ವಿಚಕ್ರ ವಾಹನಗಳಿಗೆ ಪಕ್ಕದ ಸೈಟಿನ ಗೋಡೆಯ ಬಳಿ ಬೇರೆ ಜಾಗ ಮಾಡಿದ್ದೇನೆ.

ಗುಂಡಿ ತೋಡುವಾಗ ಮೇಸ್ತ್ರಿ ಎರಡಡಿಗೇ ನಿಲ್ಲಿಸಿ, "ಇಷ್ಟು ಸಾಕು ಸ್ವಾಮಿ, ಗೇಟಿನ ಕಂಬಕ್ಕೂ ಇಷ್ಟೇ ತೆಗೆಯೋದು" ಎಂದರು. "ಗೇಟಿಗೆ ಯಾರೂ ಕಾರು ಗುದ್ದಲ್ಲ ಮೇಸ್ತ್ರಿ, ನಾಲ್ಕಡಿ ತೆಗೀರಿ" ಎಂದು ನಾನು ಪಟ್ಟು ಹಿಡಿದೆ. ಮೂರನೆಯ ಗುಂಡಿಯಲ್ಲಿ ಹಾರೆಗೆ ನೀರಿನ ಪೈಪು ಸಿಕ್ಕಿ ಅರ್ಧ ದಿನ ಕೆಲಸ ನಿಂತಿತು; ಅಗೆಯುವ ಮೊದಲು ನಲ್ಲಿಯ ಸಂಪರ್ಕ, ಚರಂಡಿ, ವಿದ್ಯುತ್ ಕೇಬಲ್ ಎಲ್ಲಿ ಹಾದಿವೆಯೆಂದು ವಿಚಾರಿಸಿಕೊಳ್ಳಬೇಕಿತ್ತು. ಪೈಪನ್ನು ಪಕ್ಕಕ್ಕೆ ಸರಿಸಿ, ಆರಿಂಚು ವ್ಯಾಸದ ಕಬ್ಬಿಣದ ಪೈಪುಗಳನ್ನು ನಾಲ್ಕಡಿ ಒಳಗೆ, ಮೂರಡಿ ಮೇಲೆ ಇರುವಂತೆ ತೂಗುಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ಗುಂಡಿಗೂ ಪೈಪಿನ ಹೊಟ್ಟೆಗೂ ಕಾಂಕ್ರೀಟ್ ತುಂಬಿದೆವು. ಪೈಪಿನೊಳಗೆ ಗಾಳಿ ಉಳಿಯಬಾರದೆಂದು ಮೇಸ್ತ್ರಿ ಉದ್ದನೆಯ ಸರಳಿನಿಂದ ಕುಟ್ಟುತ್ತಲೇ ಇದ್ದರು. ಪ್ರತಿ ಸಲ ಕುಟ್ಟಿದಾಗಲೂ ಕಾಂಕ್ರೀಟ್ ಒಂದೆರಡು ಇಂಚು ಕುಸಿದು ಮತ್ತೆ ಒಂದು ಬಾಂಡಲಿ ಹಿಡಿಯುತ್ತಿತ್ತು. ತಲೆಯನ್ನು ಮಳೆನೀರು ನಿಲ್ಲದಂತೆ ಗುಬುಟಾಗಿ ಮೆತ್ತಿ, ಗೋಣಿಚೀಲ ಸುತ್ತಿ ಹತ್ತು ದಿನ ನೀರುಣಿಸಿದೆ. ಕೂಲಿ, ಸಾಮಾನು ಎಲ್ಲ ಸೇರಿ 38,000 ರೂ. ಖರ್ಚಾಯಿತು. ಒಡೆದ ಶೋಕೇಸನ್ನು ಹೊಸದಾಗಿ ಮಾಡಿಸಲು ಇದಕ್ಕಿಂತ ಹೆಚ್ಚು ಹಣ ಹೋಗಿತ್ತು.

ಕಂಬ ನೆಟ್ಟರೂ ಗಿರಾಕಿಗಳು ಅದರ ಹೊರಗೇ ನಿಂತರೆ ಏನು ಪ್ರಯೋಜನ? ಟೀ ಕೊಡುವ ಜಾಗವನ್ನು ಒಂದು ಮೂಲೆಯಿಂದ ನಡುವಿಗೆ ತಂದು, ಲೋಟ ಇಡುವ ಕಲ್ಲಿನ ಹಲಗೆಯನ್ನು ಕಂಬಗಳಿಗಲ್ಲದೆ ಒಳಗೋಡೆಗೆ ಜೋಡಿಸಿದೆ. ಲೋಟ ಎಲ್ಲಿ ಇಡಬಹುದೋ ಜನ ಅಲ್ಲಿಯೇ ನಿಲ್ಲುತ್ತಾರೆ. ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಆಗದ ಕೆಲಸವನ್ನು ಆ ಹಲಗೆ ಮಾಡಿತು. ಸಿಲಿಂಡರನ್ನು ಹಿಂಬದಿಯ ಗಾಳಿಯಾಡುವ ಜಾಗಕ್ಕೆ ಸಾಗಿಸಿದೆ, ಶೋಕೇಸಿಗೆ ಟಫನ್ಡ್ ಗಾಜು ಹಾಕಿಸಿದೆ. ಅಕ್ಕಪಕ್ಕದ ಅಂಗಡಿಯವರು ಸೇರಿ, ಕಾರುಗಳು ಅಂಗಡಿಗೆ ಮುಖ ಮಾಡದೆ ರಸ್ತೆಯುದ್ದಕ್ಕೆ ನಿಲ್ಲುವಂತೆ ಗೆರೆ ಎಳೆಯಿಸಿಕೊಡಿ ಎಂದು ಸಂಚಾರ ಪೊಲೀಸರಿಗೆ ಮನವಿಯನ್ನೂ ಕೊಟ್ಟೆವು. ನನ್ನ ಮಟ್ಟಿಗೆ ಕಂಬಕ್ಕಿಂತ ದೊಡ್ಡ ರಕ್ಷಣೆ ಅದೇ: ಹಾಗೆ ನಿಂತ ಕಾರಿನ ಚಾಲಕ ಪೆಡಲ್ ತಪ್ಪಿ ತುಳಿದರೂ ಅದು ನುಗ್ಗುವುದು ಜನರ ಕಡೆಗಲ್ಲ.

ಹಾನಿಯ ವಿಚಾರದಲ್ಲಿ ಇಷ್ಟು ಹೇಳಬಲ್ಲೆ. ಗುದ್ದಿದ ವಾಹನದ ಥರ್ಡ್ ಪಾರ್ಟಿ ವಿಮೆಯಲ್ಲಿ ಗಾಯಾಳುವಿನ ಪರಿಹಾರವಷ್ಟೇ ಅಲ್ಲ, ಅಂಗಡಿಯ ಆಸ್ತಿನಷ್ಟವೂ ಒಂದು ಮಿತಿಯವರೆಗೆ ಸೇರುತ್ತದೆ, ಅದನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಕೇಳಬಹುದು. ಆದುದರಿಂದ ಗಾಜು ಗುಡಿಸುವ ಮೊದಲೇ ಫೋಟೊ ತೆಗೆದು, ಪೊಲೀಸರಿಗೆ ದೂರು ಕೊಟ್ಟು, ಸಾಮಾನಿನ ಬಿಲ್ಲುಗಳನ್ನು ಜೋಡಿಸಿಟ್ಟುಕೊಳ್ಳಬೇಕು.

ಕಳೆದ ವರ್ಷ ಹಾಸನಾಂಬೆಯ ದರ್ಶನದ ದಿನಗಳಲ್ಲಿ, ಊರು ಹೊರಗಿನ ವಾಹನಗಳಿಂದ ತುಂಬಿದ್ದಾಗ, ಒಂದು ಬೆಳಗಿನ ಜಾವ ಶಟರ್ ಎತ್ತಲು ಹೋದವನಿಗೆ ಎರಡನೆಯ ಕಂಬದ ಮೇಲೆ ಮೊಣಕಾಲೆತ್ತರದಲ್ಲಿ ಹೊಸ ಗೀರು ಕಂಡಿತು. ಹಳದಿ ಬಣ್ಣ ಕೆತ್ತಿಹೋಗಿ ಕಬ್ಬಿಣ ಕಾಣುತ್ತಿತ್ತು, ಕಂಬ ಕೂದಲೆಳೆಯಷ್ಟೂ ವಾಲಿರಲಿಲ್ಲ. ಬಣ್ಣ ಬಳಿದು, ರಾತ್ರಿ ದೀಪಕ್ಕೆ ಹೊಳೆಯುವ ರೇಡಿಯಂ ಪಟ್ಟಿಯನ್ನು ಆ ಎತ್ತರಕ್ಕೂ ಅಂಟಿಸಿದೆ. ಉಳಿದಿರುವುದು ಎಡಗಡೆಯ ಮೂಲೆ. ಅಲ್ಲಿ ನಮ್ಮ ಜಾಗ ಒಂದೂವರೆ ಅಡಿಗೆ ಕಿರಿದಾಗುವುದರಿಂದ ಕಂಬವನ್ನು ಪಾದಚಾರಿ ಮಾರ್ಗದಲ್ಲೇ ನೆಡಬೇಕು. ಅನುಮತಿಗಾಗಿ ಅರ್ಜಿ ಕೊಟ್ಟಿದ್ದೇನೆ. ಅದು ಸಿಗುವವರೆಗೆ ಆ ಮೂಲೆಯ ಕೌಂಟರಿನಲ್ಲಿ ವ್ಯಾಪಾರ ನಿಲ್ಲಿಸಿ, ಬ್ರೆಡ್ ಟ್ರೇಗಳನ್ನು ಜೋಡಿಸಿಟ್ಟಿದ್ದೇನೆ.